ಆಟಕ್ಕುಂಟು, ಲೆಕ್ಕಕ್ಕಿಲ್ಲ: ನಗರದ ನಕ್ಷೆ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ನಗರ ಯೋಜಕರೇ, ರಸ್ತೆ ಎಂಜಿನಿಯರುಗಳೇ, ಆ ನಕ್ಷೆಗಳಿಗೆ ಸಹಿ ಹಾಕುವ ಮೇಯರ್ ಮತ್ತು ಆಯುಕ್ತರೇ,

ನೀವು ಯಾವ ಊರಿನವರಾದರೂ ಸರಿ, ಈ ಪತ್ರ ನಿಮಗೇ.

ಒಂದು ರಸ್ತೆಯನ್ನು ಅಗಲ ಮಾಡಲು ಹೊರಟಾಗ ನೀವು ಮೊದಲು ಮಾಡುವ ಕೆಲಸ ವಾಹನಗಳ ಎಣಿಕೆ. ನಾಲ್ಕು ರಸ್ತೆ ಕೂಡುವಲ್ಲಿ ಕ್ಯಾಮೆರಾ ಕಟ್ಟುತ್ತೀರಿ, ಇಲ್ಲವೇ ಕೈಯಲ್ಲಿ ಹಾಳೆ ಕೊಟ್ಟು ಜನರನ್ನು ನಿಲ್ಲಿಸುತ್ತೀರಿ. ಕಾರು ಇಷ್ಟು, ದ್ವಿಚಕ್ರ ವಾಹನ ಇಷ್ಟು, ಬಸ್ಸು ಇಷ್ಟು, ಲಾರಿ ಇಷ್ಟು. ಆಮೇಲೆ ಎಲ್ಲವನ್ನೂ 'ಪ್ಯಾಸೆಂಜರ್ ಕಾರ್ ಯೂನಿಟ್' ಎಂಬ ಒಂದೇ ಅಳತೆಗೆ ತರುತ್ತೀರಿ. ಆ ಲೆಕ್ಕದಲ್ಲಿ ಒಂದು ಬಸ್ಸು ಎರಡೋ ಮೂರೋ ಕಾರಿಗೆ ಸಮ. ಅದರಲ್ಲಿ ಅರವತ್ತು ಜನ ಒತ್ತಿಕೊಂಡು ನಿಂತಿದ್ದರೂ ಅಷ್ಟೇ, ಖಾಲಿ ಹೊರಟಿದ್ದರೂ ಅಷ್ಟೇ. ಏಕೆಂದರೆ ಈ ಅಳತೆ ಕೇಳುವುದು ವಾಹನ ಎಷ್ಟು ಜಾಗ ತಿಂದಿತು ಎಂದು. ಎಷ್ಟು ಜನ ಹೋದರು ಎಂಬುದು ಅದಕ್ಕೆ ಬೇಕಿಲ್ಲ. ಅದೇ ಹೊತ್ತಿಗೆ ರಸ್ತೆಯ ಅಂಚಿನಲ್ಲಿ ಮಗುವಿನ ಕೈ ಹಿಡಿದು ನಡೆದು ಹೋದ ತಾಯಿ ಎಷ್ಟೋ ಸಲ ಯಾವ ಕಾಲಮ್ಮಿನಲ್ಲೂ ಇಲ್ಲ.

ಮಕ್ಕಳು ಆಡುವಾಗ ತೀರ ಚಿಕ್ಕವನೊಬ್ಬ ಅತ್ತರೆ ಅವನನ್ನೂ ಸೇರಿಸಿಕೊಳ್ಳುತ್ತಾರೆ. ಅವನು ಓಡಬಹುದು, ಕೂಗಬಹುದು, ಆದರೆ ಔಟಾದರೂ ಔಟಲ್ಲ, ಗೆದ್ದರೂ ಗೆದ್ದಂತಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ನಗರಗಳಲ್ಲಿ ನಡೆಯುವವರು, ಕೂರುವವರು, ಬಸ್ಸಿಗೆ ಕಾಯುವವರು, ವಯಸ್ಸಾದವರು, ಮಕ್ಕಳು ಇವರೆಲ್ಲ ಬಹುಕಾಲದಿಂದ ಹೀಗೇ ಇದ್ದಾರೆ. ಒಂದು ಊರು ಮುಂದೆ ಹೇಗಾಗುತ್ತದೆ ಎಂಬುದರಲ್ಲಿ ಅರ್ಧ ಪಾಲು ನೀವು ಬೆಳಿಗ್ಗೆ ಏನನ್ನು ಎಣಿಸಿದಿರಿ ಎಂಬಲ್ಲೇ ತೀರ್ಮಾನವಾಗಿಬಿಡುತ್ತದೆ. ಕಾರು ಎಣಿಸಿದರೆ ಕಾರಿಗೆ ರಸ್ತೆಯಾಗುತ್ತದೆ. ಜನರನ್ನು ಎಣಿಸಿ ಎಂದು ಕೇಳಲೆಂದೇ ಈ ಪತ್ರ.

ಮೊದಲು ಅಗಲೀಕರಣದ ಮಾತು. ಅಮೆರಿಕದ ಅರ್ಥಶಾಸ್ತ್ರಜ್ಞ ಆಂಟನಿ ಡೌನ್ಸ್ 1962ರಲ್ಲೇ ಒಂದು ವಿಷಯ ಬರೆದಿಟ್ಟರು: ನಗರದ ಹೆದ್ದಾರಿಯನ್ನು ಎಷ್ಟೇ ದೊಡ್ಡದು ಮಾಡಿ, ಜನ ಹೆಚ್ಚಾಗಿ ಓಡಾಡುವ ಹೊತ್ತಿನ ದಟ್ಟಣೆ ಆ ಹೊಸ ಅಗಲವನ್ನೂ ತುಂಬಿಕೊಳ್ಳುವಷ್ಟು ಬೆಳೆಯುತ್ತದೆ. ಸುಮಾರು ಅರ್ಧ ಶತಮಾನದ ನಂತರ, 2011ರಲ್ಲಿ, ಗಿಲ್ಸ್ ಡುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ನಗರಗಳ ಅಂಕಿಅಂಶ ಹಿಡಿದು ಪರೀಕ್ಷಿಸಿದಾಗ ಹೆದ್ದಾರಿ ಹೆಚ್ಚಾದಷ್ಟೇ ಪ್ರಮಾಣದಲ್ಲಿ ವಾಹನಗಳ ಓಡಾಟವೂ ಹೆಚ್ಚಾಗಿತ್ತು. ಇದರಲ್ಲಿ ಮಾಯಮಂತ್ರ ಏನೂ ಇಲ್ಲ. ರಸ್ತೆ ಸ್ವಲ್ಪ ತೆರವಾದ ಕೂಡಲೇ, ದಟ್ಟಣೆಗೆ ಹೆದರಿ ಬೇರೆ ಹೊತ್ತಿನಲ್ಲಿ ಹೊರಡುತ್ತಿದ್ದವರು ಅದೇ ಹೊತ್ತಿಗೆ ಬರುತ್ತಾರೆ. ಬಸ್ಸು ಹಿಡಿಯುತ್ತಿದ್ದವರು ಕಾರು ತೆಗೆಯುತ್ತಾರೆ. ಹೇಗೂ ಬೇಗ ತಲುಪಬಹುದಲ್ಲ ಎಂದು ಇನ್ನಷ್ಟು ದೂರದಲ್ಲಿ ಮನೆ ಮಾಡುವವರು ಬರುತ್ತಾರೆ, ಅವರ ಹಿಂದೆ ಬಡಾವಣೆ ಕಟ್ಟುವವರು ಬರುತ್ತಾರೆ. ನಾಲ್ಕೈದು ವರ್ಷಕ್ಕೆ ರಸ್ತೆ ಮತ್ತೆ ತುಂಬುತ್ತದೆ. ಈ ಸಲ ಸಿಕ್ಕಿಹಾಕಿಕೊಂಡವರು ಮೊದಲಿಗಿಂತ ಹೆಚ್ಚು ಜನ, ಅಷ್ಟೇ. ಅಲ್ಲಿನ ಹ್ಯೂಸ್ಟನ್ ನಗರದ ಕೇಟಿ ಫ್ರೀವೇ ಎಂಬ ಹೆದ್ದಾರಿಯನ್ನು 2008ರ ಹೊತ್ತಿಗೆ ಪಕ್ಕದ ಸರ್ವಿಸ್ ರಸ್ತೆಗಳೂ ಸೇರಿ ಕೆಲವೆಡೆ 26 ಲೇನ್‌ಗಳವರೆಗೆ ಹಿಗ್ಗಿಸಿದರು. ಕೆಲವೇ ವರ್ಷಗಳಲ್ಲಿ ಅಲ್ಲಿನ ಬೆಳಗಿನ ಮತ್ತು ಸಂಜೆಯ ಪ್ರಯಾಣಕ್ಕೆ ಮತ್ತೆ ಹೆಚ್ಚು ಸಮಯ ಹಿಡಿಯತೊಡಗಿತು.

ತಿರುಗುಮುರುಗಾದ ಉದಾಹರಣೆಯೂ ಇದೆ. ದಕ್ಷಿಣ ಕೊರಿಯಾದ ಸೋಲ್ ನಗರದ ನಡುವೆ ಚಂಗ್ಯೆಚೋನ್ ಎಂಬ ಹಳ್ಳವನ್ನು ಕಾಂಕ್ರೀಟಿನಿಂದ ಮುಚ್ಚಿ, ಅದರ ಮೇಲೆ ಎತ್ತರಿಸಿದ ಹೆದ್ದಾರಿ ಕಟ್ಟಿದ್ದರು. ದಿನಕ್ಕೆ ಲಕ್ಷಕ್ಕೂ ಮಿಗಿಲಾದ ವಾಹನಗಳು ಓಡಾಡುತ್ತಿದ್ದ ಜಾಗ. 2003ರಲ್ಲಿ ಅದನ್ನು ಕೆಡವಲು ಆರಂಭಿಸಿದಾಗ ಊರೇ ನಿಂತುಹೋಗುತ್ತದೆ ಎಂಬ ಭಯವಿತ್ತು. ಜೊತೆಗೇ 2004ರಲ್ಲಿ ನಗರದ ಬಸ್ ವ್ಯವಸ್ಥೆಯನ್ನು ಬುಡದಿಂದ ಸರಿಪಡಿಸಿ, ರಸ್ತೆಯ ನಡುವೆ ಬಸ್ಸಿಗೇ ಮೀಸಲಾದ ಲೇನ್‌ಗಳನ್ನು ಹಾಕಿದರು. 2005ರಲ್ಲಿ ಸುಮಾರು 5.8 ಕಿ.ಮೀ. ಉದ್ದದ ಹಳ್ಳ ಮತ್ತೆ ಬೆಳಕು ಕಂಡಿತು. ಊರು ನಿಲ್ಲಲಿಲ್ಲ. ಅಲ್ಲಿ ಹರಿಯುವ ನೀರಿನಲ್ಲಿ ಹೆಚ್ಚಿನ ಪಾಲು ಹಾನ್ ನದಿಯಿಂದ ಪಂಪ್ ಮಾಡಿ ತಂದದ್ದು, ಅದು ನಿಜವಾದ ಹಳ್ಳವೇ ಅಲ್ಲ ಎಂಬ ಟೀಕೆ ಇದೆ, ಅದನ್ನು ನಾನು ಒಪ್ಪುತ್ತೇನೆ. ಆದರೂ ಸೆಕೆಗಾಲದ ಸಂಜೆ ಜನ ಅಲ್ಲಿ ನೀರಿಗೆ ಕಾಲು ಇಳಿಬಿಟ್ಟು ಕೂರುತ್ತಾರೆ. ಹೆದ್ದಾರಿಯ ಮೇಲೆ ಯಾರೂ ಕೂತಿರಲಿಲ್ಲ.

ಹಾಗಾದರೆ ಜಾಗವನ್ನು ಹೇಗೆ ಅಳೆಯಬೇಕು? ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ಒಕ್ಕೂಟವಾದ 'ನ್ಯಾಕ್ಟೋ' ಕೊಡುವ ಅಂದಾಜು ನನಗೆ ಬಹಳ ಉಪಯುಕ್ತ ಎನಿಸಿದೆ. ಸುಮಾರು ಮೂರು ಮೀಟರ್ ಅಗಲದ ಒಂದೇ ಪಟ್ಟಿ. ಅದರಲ್ಲಿ ಖಾಸಗಿ ವಾಹನಗಳು ಓಡಿದರೆ ಗಂಟೆಗೆ 600ರಿಂದ 1,600 ಜನ ದಾಟುತ್ತಾರೆ. ಬಸ್ಸಿಗೇ ಮೀಸಲಿಟ್ಟರೆ 4,000ದಿಂದ 8,000. ಸೈಕಲ್ಲಿಗೆ ಬಿಟ್ಟರೆ 7,500ರಷ್ಟು. ಫುಟ್‌ಪಾತ್ ಮಾಡಿದರೆ 9,000. ಅಗಲ ಅದೇ, ನೆಲವೂ ಅದೇ. ನಗರದಲ್ಲಿ ಹೊಸದಾಗಿ ಹುಟ್ಟಿಸಲಾಗದ ವಸ್ತು ಒಂದಿದ್ದರೆ ಅದು ನೆಲ. ಅಂಥದ್ದರಲ್ಲಿ ಅತಿ ಕಡಿಮೆ ಜನರನ್ನು ದಾಟಿಸುವ ಬಳಕೆಗೆ ಅತಿ ಹೆಚ್ಚು ನೆಲ ಕೊಡುತ್ತಿದ್ದೇವೆ.

ಇನ್ನು ದಾಟುವ ವಿಷಯ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನನ್ನ ತಾಯಿಗೆ ವಯಸ್ಸಾಗಿದೆ, ಅವರ ಜೊತೆ ರಸ್ತೆ ದಾಟುವವನು ನಾನು. ಪಾದಚಾರಿ ಸಿಗ್ನಲ್‌ನ ಅವಧಿ ನಿಗದಿ ಮಾಡಲು ಹಲವು ದೇಶಗಳಲ್ಲಿ ಬಹುಕಾಲ ಬಳಸಿದ ನಡಿಗೆಯ ವೇಗ ಸೆಕೆಂಡಿಗೆ 1.2 ಮೀಟರ್. ರಸ್ತೆ 14 ಮೀಟರ್ ಅಗಲವಿದ್ದರೆ ಹನ್ನೆರಡು ಸೆಕೆಂಡು ಸಾಕು ಎಂದು ಈ ಲೆಕ್ಕ ಹೇಳುತ್ತದೆ. ಮಂಡಿ ನೋವಿರುವ ಹಿರಿಯರೊಬ್ಬರು ಸೆಕೆಂಡಿಗೆ 0.8 ಮೀಟರ್ ನಡೆಯುತ್ತಾರೆ ಎಂದಿಟ್ಟುಕೊಳ್ಳಿ. ಹನ್ನೆರಡು ಸೆಕೆಂಡು ಮುಗಿದಾಗ ಅವರು ಇನ್ನೂ ನಾಲ್ಕು ಮೀಟರಿಗಿಂತ ಹೆಚ್ಚು ದೂರದಲ್ಲಿ, ವಾಹನಗಳ ಲೇನ್‌ನಲ್ಲೇ ಸಿಕ್ಕಿಕೊಂಡಿರುತ್ತಾರೆ. ಎದುರಿಗೆ ವಾಹನಗಳು ಗುರುಗುಟ್ಟುತ್ತಿರುತ್ತವೆ. ಒಮ್ಮೆ ಹೀಗಾದವರು ಮರುದಿನ ಮನೆಯಿಂದ ಹೊರಡುವುದೇ ಇಲ್ಲ. ಮತ್ತೆ ಅವರು ನಿಮ್ಮ ಯಾವ ಎಣಿಕೆಗೂ ಸಿಗುವುದಿಲ್ಲ, 'ಇಲ್ಲಿ ದಾಟುವವರೇ ಇಲ್ಲ' ಎಂದು ವರದಿ ಬರೆಯಲಾಗುತ್ತದೆ. ಸಿಂಗಪುರದಲ್ಲಿ ಇದಕ್ಕೊಂದು ಸರಳ ಪರಿಹಾರ ಕಂಡುಕೊಂಡರು. 2009ರಿಂದ ಅಲ್ಲಿ ಹಿರಿಯ ನಾಗರಿಕರು ತಮ್ಮ ಕಾರ್ಡನ್ನು ಸಿಗ್ನಲ್ ಕಂಬಕ್ಕೆ ತಾಕಿಸಿದರೆ ಹಸಿರು ದೀಪ ಕೆಲವು ಸೆಕೆಂಡು ಹೆಚ್ಚು ಉರಿಯುತ್ತದೆ. ಇದಕ್ಕೆ ಮೇಲ್ಸೇತುವೆ ಬೇಕಿಲ್ಲ, ಭೂಸ್ವಾಧೀನ ಬೇಕಿಲ್ಲ. ಯಾರೋ ಒಬ್ಬ ಅಧಿಕಾರಿ ಮುದುಕರ ಕಾಲಿನ ವೇಗವನ್ನು ಲೆಕ್ಕಕ್ಕೆ ತೆಗೆದುಕೊಂಡರು, ಅಷ್ಟೇ.

ವೇಗದ ಲೆಕ್ಕವೂ ಹೀಗೇ. ಗಂಟೆಗೆ 30 ಕಿ.ಮೀ. ವೇಗದಲ್ಲಿರುವ ಕಾರಿನ ಚಾಲಕನಿಗೆ ಮಗುವೊಂದು ಎದುರಿಗೆ ಬಂದದ್ದು ಕಂಡರೆ, ಅವನು ಬ್ರೇಕ್ ಒತ್ತಲು ತಗಲುವ ಒಂದು ಸೆಕೆಂಡನ್ನೂ ಸೇರಿಸಿ, ಒಣ ರಸ್ತೆಯಲ್ಲಿ ಕಾರು ಸುಮಾರು 13 ಮೀಟರಿನಲ್ಲಿ ನಿಲ್ಲುತ್ತದೆ. 50 ಕಿ.ಮೀ. ವೇಗದಲ್ಲಿದ್ದರೆ 13 ಮೀಟರ್ ದಾಟುವ ಹೊತ್ತಿಗೆ ಅವನ ಕಾಲು ಬ್ರೇಕಿನ ಮೇಲೆ ಆಗತಾನೇ ಬಿದ್ದಿರುತ್ತದೆ. ನಾರ್ವೆಯ ಓಸ್ಲೋ ನಗರ ವೇಗಮಿತಿ ಇಳಿಸಿತು, ನಡುಪೇಟೆಯ ರಸ್ತೆಬದಿ ಪಾರ್ಕಿಂಗ್ ತೆಗೆಯಿತು, ಶಾಲೆಗಳ ಸುತ್ತ ಕಾರುಗಳನ್ನು ತಡೆಯಿತು. 2019ರಲ್ಲಿ ಆ ಇಡೀ ನಗರದಲ್ಲಿ ರಸ್ತೆ ಅಪಘಾತದಿಂದ ಒಬ್ಬ ಪಾದಚಾರಿಯೂ ಸಾಯಲಿಲ್ಲ, ಒಬ್ಬ ಸೈಕಲ್ ಸವಾರನೂ ಸಾಯಲಿಲ್ಲ. ಸೊನ್ನೆ ಎಂಬ ಅಂಕಿಯನ್ನು ಯಾವ ನಗರವೂ ಗುರಿಯಾಗಿ ಬರೆದುಕೊಳ್ಳಬಹುದು.

ಕಾರಿನವರನ್ನು ದ್ವೇಷಿಸುವವನ ಪತ್ರ ಎಂದು ದಯವಿಟ್ಟು ಓದಬೇಡಿ. ಆಂಬುಲೆನ್ಸ್ ಬರಬೇಕು, ಸಾಮಾನು ಬರಬೇಕು, ನಡೆಯಲಾಗದವರನ್ನು ಮನೆ ಬಾಗಿಲಿಗೆ ತಲುಪಿಸಬೇಕು. ಸ್ಪೇನಿನ ಪೊಂತೆವೆದ್ರಾ ಎಂಬ ಸಣ್ಣ ನಗರ 1999ರಿಂದ ತನ್ನ ಹಳೆಯ ಊರನ್ನು ನಡೆಯುವವರಿಗೆ ಬಿಟ್ಟುಕೊಡುತ್ತಾ ಬಂದಾಗ ಇದನ್ನೆಲ್ಲ ಉಳಿಸಿಕೊಂಡೇ ಮಾಡಿತು. ನಿಲ್ಲಿಸಿದ್ದು ಊರ ನಡುವಿನಿಂದ ಸುಮ್ಮನೆ ಹಾದುಹೋಗುವ ವಾಹನಗಳನ್ನು, ಪಾರ್ಕಿಂಗ್ ಹುಡುಕುತ್ತಾ ಸುತ್ತುವ ವಾಹನಗಳನ್ನು. ಅವರು ಮಾಡಿದ ಇನ್ನೊಂದು ಕೆಲಸ ನನಗೆ ಬಹಳ ಇಷ್ಟ. ಮೆಟ್ರೋ ರೈಲಿನ ನಕ್ಷೆಯ ಹಾಗೆ ಬಣ್ಣಬಣ್ಣದ ಗೆರೆಗಳ ನಕ್ಷೆಯೊಂದನ್ನು ಮುದ್ರಿಸಿ, ಒಂದು ಜಾಗದಿಂದ ಇನ್ನೊಂದಕ್ಕೆ ನಡೆದರೆ ಎಷ್ಟು ನಿಮಿಷ ಎಂದು ಬರೆದರು. ದೂರ ಎಂದುಕೊಂಡಿದ್ದ ಜಾಗ ಹನ್ನೆರಡು ನಿಮಿಷದ್ದು ಎಂದು ತಿಳಿದರೆ ಮನುಷ್ಯ ನಡೆದೇ ಹೋಗುತ್ತಾನೆ.

ನಡೆಯುವವರನ್ನು ಎಣಿಸುವುದು ಅರ್ಧ ಕೆಲಸ. ನಿಂತವರನ್ನು, ಕೂತವರನ್ನು ಎಣಿಸುವುದು ಉಳಿದರ್ಧ. ಕೋಪನ್‌ಹೇಗನ್‌ನಲ್ಲಿ 1962ರ ನವೆಂಬರಿನಲ್ಲಿ ಸ್ಟ್ರಾಯೆ ಎಂಬ ಮುಖ್ಯ ಪೇಟೆಬೀದಿಯನ್ನು ವಾಹನಗಳಿಗೆ ಮುಚ್ಚಿದಾಗ ವ್ಯಾಪಾರಿಗಳು ತಮ್ಮ ಕಥೆ ಮುಗಿಯಿತು ಎಂದುಕೊಂಡರು. ಇದು ಬಿಸಿಲಿನ ನಾಡಲ್ಲ, ಇಲ್ಲಿನವರು ಬೀದಿಯಲ್ಲಿ ಕೂರುವ ಜನವಲ್ಲ ಎಂಬ ವಾದವೂ ಎದ್ದಿತು. ಅದೇ ದಶಕದಲ್ಲಿ ಯಾನ್ ಗೆಲ್ ಎಂಬ ಯುವ ವಾಸ್ತುಶಿಲ್ಪಿ ಆ ಬೀದಿಗೆ ಇಳಿದು ಎಣಿಸತೊಡಗಿದರು: ಎಷ್ಟು ಜನ ನಡೆದರು, ಎಷ್ಟು ಜನ ನಿಂತರು, ಎಲ್ಲಿ ಕೂತರು, ಎಷ್ಟು ಹೊತ್ತು. ಆ ಎಣಿಕೆ ದಶಕಗಳ ಕಾಲ ನಡೆಯಿತು. ಬೀದಿಗಳು ತೆರೆದಷ್ಟೂ ಕೂರುವವರು ಹೆಚ್ಚಿದರು ಎಂದು ಅಂಕಿ ತೋರಿಸಿತು, ಪ್ರತಿ ಸಲವೂ ಮುಂದಿನ ಹೆಜ್ಜೆಗೆ ಆ ಅಂಕಿಯೇ ಧೈರ್ಯ ಕೊಟ್ಟಿತು. ನಡೆದು ಹೋಗುವವನಿಗೆ ಕೆಲಸವಿರಬಹುದು, ಬೇರೆ ದಾರಿ ಇಲ್ಲದಿರಬಹುದು. ಕೂತವನು ಮಾತ್ರ ಇಷ್ಟಪಟ್ಟು ಕೂತಿರುತ್ತಾನೆ. ಒಂದು ಊರು ಬದುಕಲು ಹಿತವಾಗಿದೆಯೋ ಇಲ್ಲವೋ ಎಂದು ತಿಳಿಯಲು ಇದಕ್ಕಿಂತ ಪ್ರಾಮಾಣಿಕ ಮತದಾನ ನನಗೆ ಗೊತ್ತಿಲ್ಲ.

ಎಣಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಯಾರ್ಕ್ ಸಾಕ್ಷಿ. 1961ರ ನಿಯಮದ ಪ್ರಕಾರ, ಕಟ್ಟಡದ ಮುಂದೆ ಸಾರ್ವಜನಿಕರಿಗೆ ಬಯಲು ಜಾಗ ಬಿಟ್ಟರೆ ಹೆಚ್ಚುವರಿ ಮಹಡಿಗಳನ್ನು ಕಟ್ಟಲು ಅನುಮತಿ ಸಿಗುತ್ತಿತ್ತು. ಕಟ್ಟುವವರು ಜಾಗ ಬಿಟ್ಟರು, ಮಹಡಿಗಳನ್ನೂ ಪಡೆದರು. ಆದರೆ ಅನೇಕ ಬಯಲುಗಳು ಬಣಗುಡುತ್ತಿದ್ದವು. 1970ರ ದಶಕದಲ್ಲಿ ವಿಲಿಯಂ ವೈಟ್ ಎಂಬುವರು ಕ್ಯಾಮೆರಾ ಇಟ್ಟು ತಿಂಗಳುಗಟ್ಟಲೆ ನೋಡಿದರು. ಕೂರಲು ಜಾಗವಿರುವಲ್ಲಿ ಜನ ಕೂರುತ್ತಾರೆ, ಇಲ್ಲದಲ್ಲಿ ಕೂರುವುದಿಲ್ಲ ಎಂಬ, ಕೇಳಿದರೆ ಇಷ್ಟೇನಾ ಅನ್ನಿಸುವ ಸತ್ಯ ಅವರಿಗೆ ಸಿಕ್ಕಿತು. ಅದರ ಆಧಾರದ ಮೇಲೆ 1975ರಲ್ಲಿ ನಿಯಮ ತಿದ್ದಿ, ಇಷ್ಟು ಜಾಗಕ್ಕೆ ಇಷ್ಟು ಆಸನ ಇರಲೇಬೇಕು ಎಂದು ಬರೆದರು. ಚದರಡಿ ಎಣಿಸುವುದರಿಂದ ಕೂತವರನ್ನು ಎಣಿಸುವವರೆಗೆ ಬರಲು ಹದಿನಾಲ್ಕು ವರ್ಷ ಹಿಡಿಯಿತು.

ಎಣಿಸುವಾಗ ಯಾರನ್ನು ಎಂಬುದೂ ಮುಖ್ಯ. ವಿಯೆನ್ನಾದಲ್ಲಿ 1990ರ ದಶಕದಲ್ಲಿ ಉದ್ಯಾನಗಳಲ್ಲಿ ಆಡುವ ಮಕ್ಕಳನ್ನು ಗಂಡು, ಹೆಣ್ಣು ಬೇರೆಬೇರೆಯಾಗಿ ಗಮನಿಸಿದರು. ಒಂಬತ್ತು ಹತ್ತು ವರ್ಷ ದಾಟುತ್ತಿದ್ದಂತೆ ಹುಡುಗಿಯರು ಉದ್ಯಾನಕ್ಕೆ ಬರುವುದು ಕಡಿಮೆಯಾಗುತ್ತಿತ್ತು, ಹುಡುಗರು ಬರುತ್ತಲೇ ಇದ್ದರು. ನಡುವೆ ಒಂದೇ ದೊಡ್ಡ ಬಯಲಿದ್ದರೆ ಅದನ್ನು ಹುಡುಗರ ಚೆಂಡಾಟ ಆಕ್ರಮಿಸಿಕೊಳ್ಳುತ್ತಿತ್ತು, ಹುಡುಗಿಯರು ಜಗಳಕ್ಕೆ ನಿಲ್ಲದೆ ಜಾಗ ಬಿಡುತ್ತಿದ್ದರು. ಆಗ ಎರಡು ಉದ್ಯಾನಗಳಲ್ಲಿ ಬಯಲನ್ನು ಗಿಡಗಳಿಂದ ಚಿಕ್ಕ ಚಿಕ್ಕ ಅಂಗಳಗಳಾಗಿ ವಿಂಗಡಿಸಿ, ಕಾಲುದಾರಿ ಹೆಚ್ಚಿಸಿ, ವಾಲಿಬಾಲ್ ಮತ್ತು ಬ್ಯಾಡ್ಮಿಂಟನ್ ಅಂಕಣ ಮಾಡಿದರು. ಹುಡುಗಿಯರು ಮರಳಿ ಬಂದರು. ಇದನ್ನು ಓದಿದ ಮೇಲೆ ಯಾವ ಉದ್ಯಾನಕ್ಕೆ ಹೋದರೂ ಅಲ್ಲಿ ಯಾರು ಇಲ್ಲ ಎಂದು ನೋಡುವುದು ನನಗೆ ಅಭ್ಯಾಸವಾಗಿದೆ.

ಪಾರ್ಕಿಂಗ್ ಬಗ್ಗೆಯೂ ಹೇಳಲೇಬೇಕು. ಮನೆ ಕಟ್ಟಿದರೆ ಇಷ್ಟು ಕಾರಿಗೆ ಜಾಗ, ಅಂಗಡಿ ಕಟ್ಟಿದರೆ ಇಷ್ಟು ಕಾರಿಗೆ ಜಾಗ ಎಂಬ ಕಡ್ಡಾಯ ನಿಯಮ ಬಹಳ ಕಡೆ ಇದೆ. ಒಂದು ಕಾರು ನಿಲ್ಲಲು, ಅದು ಒಳಗೆ ಬಂದು ತಿರುಗುವ ದಾರಿಯೂ ಸೇರಿ, 25ರಿಂದ 30 ಚದರ ಮೀಟರ್ ಬೇಕು. ಅಷ್ಟರಲ್ಲಿ ಒಬ್ಬರು ವಾಸಿಸುವ ಚಿಕ್ಕ ಮನೆ ಆಗುತ್ತದೆ. ಆ ಖರ್ಚು ಬಾಡಿಗೆಯಲ್ಲಿ ಸೇರಿ, ಕಾರಿಲ್ಲದವರೂ ಅದನ್ನು ತೆರುತ್ತಾರೆ. ಈ ಹೊರೆಯ ಬಗ್ಗೆ ಡೊನಾಲ್ಡ್ ಶೂಪ್ ಎಂಬ ಪ್ರಾಧ್ಯಾಪಕರು ದಶಕಗಳ ಕಾಲ ಬರೆದರು. 2017ರಲ್ಲಿ ಮೆಕ್ಸಿಕೋ ನಗರ 'ಕನಿಷ್ಠ ಇಷ್ಟು' ಎಂಬುದನ್ನು ಕಿತ್ತು 'ಗರಿಷ್ಠ ಇಷ್ಟೇ' ಎಂದು ಬದಲಿಸಿತು. ಜಪಾನಿನಲ್ಲಿ 1962ರ ಕಾಯ್ದೆಯ ಪ್ರಕಾರ ಕಾರು ನಿಲ್ಲಿಸಲು ರಸ್ತೆಯ ಹೊರಗೆ ಜಾಗವಿದೆ ಎಂದು ತೋರಿಸಿದ ಮೇಲೇ ಕಾರನ್ನು ನೋಂದಾಯಿಸಬಹುದು. ಸಾರ್ವಜನಿಕ ರಸ್ತೆ ಖಾಸಗಿ ವಸ್ತುವಿನ ಉಗ್ರಾಣವಾಗಬಾರದು ಎಂಬ ಅಷ್ಟು ಸರಳ ಮಾತು.

ಮಳೆನೀರಿನ ವಿಷಯ ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ನಗರದ ಬೆಂಥೆಮ್‌ಪ್ಲೈನ್ ಎಂಬ ಚೌಕ 2013ರಲ್ಲಿ ಸಿದ್ಧವಾಯಿತು. ಒಣ ದಿನಗಳಲ್ಲಿ ಅದರ ತಗ್ಗಿನಲ್ಲಿ ಹುಡುಗರು ಬಾಸ್ಕೆಟ್‌ಬಾಲ್ ಆಡುತ್ತಾರೆ, ಜೋರು ಮಳೆ ಬಂದಾಗ ಅದೇ ತಗ್ಗು ಕೊಳವಾಗಿ ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. ಒಂದೇ ಜಾಗಕ್ಕೆ ಎರಡು ಕೆಲಸ. ನೆರಳಿನದೂ ಇಂಥದ್ದೇ ಮಾತು: ಎಷ್ಟು ಸಸಿ ನೆಟ್ಟಿರಿ ಎಂಬ ಅಂಕಿ ಬೇಡ, ಐದು ವರ್ಷದ ನಂತರ ಎಷ್ಟು ಉಳಿದವು, ಮಧ್ಯಾಹ್ನ ಬಸ್ ನಿಲ್ದಾಣದ ಬೆಂಚಿನ ಮೇಲೆ ನೆರಳು ಬಿತ್ತೇ ಎಂಬ ಅಂಕಿ ಕೊಡಿ.

ಒಂದು ಆತಂಕವನ್ನು ಮುಚ್ಚಿಡಲಾರೆ. ಬೀದಿ ಚೆಂದವಾದ ಕೂಡಲೇ ಬಾಡಿಗೆ ಏರುತ್ತದೆ. ಧೂಳು ಕುಡಿದುಕೊಂಡು ಇಪ್ಪತ್ತು ವರ್ಷ ಅಲ್ಲಿ ಬದುಕಿದವರು, ಮರ ನೆರಳು ಕೊಡುವ ಹೊತ್ತಿಗೆ ಊರಾಚೆ ಸರಿದಿರುತ್ತಾರೆ. ಅವರನ್ನು ಓಡಿಸಿ ಬೇರೆಯವರಿಗೆ ಸಿಂಗರಿಸಿಕೊಟ್ಟಂತಾಗುತ್ತದೆ. ಹಾಗಾಗಿ ಬೀದಿಯ ಕೆಲಸಕ್ಕಿಂತ ಮೊದಲೇ ಮನೆಗಳ ಏರ್ಪಾಡು ಆಗಬೇಕು. ವಿಯೆನ್ನಾ ನಗರಾಡಳಿತ 1923ರಿಂದ 1934ರ ನಡುವೆ 60,000ಕ್ಕೂ ಹೆಚ್ಚು ಮನೆಗಳನ್ನು ಕಟ್ಟಿತು, ಆಮೇಲೂ ಕಟ್ಟುತ್ತಾ ಬಂತು. ಇಂದು ಆ ನಗರದ ಸುಮಾರು ಅರ್ಧದಷ್ಟು ಜನ ನಗರಸಭೆಯ ಮನೆಗಳಲ್ಲಿ ಅಥವಾ ಸರ್ಕಾರದ ನೆರವಿನಿಂದ ಕಟ್ಟಿದ ಮನೆಗಳಲ್ಲಿದ್ದಾರೆ. ಅವು ಊರ ಹೊರವಲಯಕ್ಕೆ ತಳ್ಳಿದ ಕಾಲೊನಿಗಳಲ್ಲ. ಎಲ್ಲ ಭಾಗಗಳಲ್ಲೂ ಇವೆ, ಶಿಕ್ಷಕನೂ ಬಸ್ ಚಾಲಕನೂ ಒಂದೇ ಮೆಟ್ಟಿಲು ಹತ್ತುತ್ತಾರೆ. ಯಾವುದೇ ಯೋಜನೆ ಗೆದ್ದಿತೇ ಎಂದು ತಿಳಿಯಲು ಉದ್ಘಾಟನೆಯ ಐದು ವರ್ಷದ ನಂತರ ಹೋಗಿ, ಮೊದಲಿದ್ದ ಮನೆಗಳವರಲ್ಲಿ ಎಷ್ಟು ಜನ ಇನ್ನೂ ಇದ್ದಾರೆ ಎಂದು ಎಣಿಸಿ.

ಜನ ಒಪ್ಪುವುದಿಲ್ಲ ಎಂದು ನೀವು ಹೇಳಬಹುದು. ಆ ಭಯ ಸುಳ್ಳಲ್ಲ. ಸ್ಟಾಕ್‌ಹೋಮಿನಲ್ಲಿ ನಡುಪೇಟೆಗೆ ಬರುವ ಕಾರುಗಳಿಗೆ ದಟ್ಟಣೆ ಶುಲ್ಕ ಹಾಕುತ್ತೇವೆ ಎಂದಾಗ ಬಹುತೇಕರು ವಿರೋಧಿಸಿದರು. ಆಡಳಿತ ಹಟ ಹಿಡಿಯಲಿಲ್ಲ, ಕೈಯನ್ನೂ ಚೆಲ್ಲಲಿಲ್ಲ. 2006ರ ಜನವರಿಯಿಂದ ಏಳು ತಿಂಗಳು ಪ್ರಯೋಗ ಮಾಡಿ ನೋಡೋಣ, ಆಮೇಲೆ ಮತ ಹಾಕಿ ಎಂದಿತು. ಶುಲ್ಕದ ಗಡಿ ದಾಟುವ ವಾಹನಗಳು ಸುಮಾರು ಐದನೇ ಒಂದರಷ್ಟು ಇಳಿದವು. ಸೆಪ್ಟೆಂಬರಿನಲ್ಲಿ ನಗರದ ಮತದಾರರು ಒಪ್ಪಿಗೆ ಕೊಟ್ಟರು, 2007ರಲ್ಲಿ ಅದು ಕಾಯಂ ಆಯಿತು. ಬ್ರೆಜಿಲಿನ ಕುರಿಚಿಬಾದಲ್ಲಿ ಮೇಯರ್ ಜೈಮೆ ಲರ್ನರ್ 1972ರಲ್ಲಿ ಮುಖ್ಯ ವ್ಯಾಪಾರಿ ಬೀದಿಯೊಂದರ ಭಾಗವನ್ನು ಒಂದು ವಾರಾಂತ್ಯದ 72 ಗಂಟೆಗಳಲ್ಲಿ ನಡೆಯುವವರ ಬೀದಿಯಾಗಿ ಬದಲಿಸಿದರು. ಕಾರಿನವರು ಗುಂಪಾಗಿ ಬಂದು ಬೀದಿಯನ್ನು ಮರಳಿ ವಶಪಡಿಸಿಕೊಳ್ಳುತ್ತಾರೆ ಎಂಬ ಸುದ್ದಿ ಹಬ್ಬಿತು. ಅವರು ಬಂದಾಗ ಬೀದಿಯುದ್ದಕ್ಕೂ ಕಾಗದದ ಸುರುಳಿ ಹಾಸಿ ಮಕ್ಕಳು ಚಿತ್ರ ಬರೆಯುತ್ತಿದ್ದರು. ಎಲ್ಲ ಊರಿಗೂ ಎಲ್ಲವೂ ಒಗ್ಗುವುದಿಲ್ಲ. 72 ಗಂಟೆಯ ರಭಸಕ್ಕಿಂತ ಏಳು ತಿಂಗಳ ಪ್ರಯೋಗವೇ ನನಗೆ ಹೆಚ್ಚು ಒಪ್ಪಿಗೆ, ಏಕೆಂದರೆ ಅಲ್ಲಿ ಜನರಿಗೆ ಬೇಡ ಎನ್ನುವ ಹಕ್ಕು ಉಳಿದಿತ್ತು.

ನಿಮ್ಮ ಕಷ್ಟವೂ ನನಗೆ ಅರ್ಥವಾಗುತ್ತದೆ. ಮೇಲ್ಸೇತುವೆಗೆ ಟೆಂಡರ್ ಕರೆಯುವುದು ಸುಲಭ, ಅದಕ್ಕೆ ನಮೂನೆ ಸಿದ್ಧವಿದೆ, ಉದ್ಘಾಟನೆಗೆ ಕಲ್ಲು ನಿಲ್ಲಿಸಲು ಜಾಗವಿದೆ. ಅಡ್ಡರಸ್ತೆ ಬಂದಲ್ಲೆಲ್ಲ ಇಳಿದು ಹತ್ತದೆ ಒಂದೇ ಮಟ್ಟದಲ್ಲಿ ಸಾಗುವ ಫುಟ್‌ಪಾತಿಗೆ, ಆರು ಸೆಕೆಂಡು ಹೆಚ್ಚು ಉರಿಯುವ ಹಸಿರು ದೀಪಕ್ಕೆ, ಗೋಡೆಗೆ ಒರಗಿಸಿದ ಬೆಂಚಿಗೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಎಣಿಕೆಯ ಹಾಳೆ ಬದಲಾದರೆ ಮಾತ್ರ ಇಂಥ ಕೆಲಸಕ್ಕೂ ಕಡತದಲ್ಲಿ ಬೆಲೆ ಬರುತ್ತದೆ.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಮುಂದಿನ ಸಲ ಯಾವುದೇ ರಸ್ತೆಯ ಸಮೀಕ್ಷೆಗೆ ಹಾಳೆ ಮುದ್ರಿಸುವಾಗ ಇನ್ನಷ್ಟು ಕಾಲಮ್ಮು ಸೇರಿಸಿ. ವಾಹನದೊಳಗೆ ಎಷ್ಟು ಜನ. ನಡೆದವರು ಎಷ್ಟು, ಅವರಲ್ಲಿ ಮಕ್ಕಳೆಷ್ಟು, ಹೆಂಗಸರೆಷ್ಟು, ಕೋಲು ಊರಿದವರೆಷ್ಟು, ಗಾಲಿಕುರ್ಚಿಯವರೆಷ್ಟು. ದಾಟಲು ಎಷ್ಟು ಹೊತ್ತು ಕಾದರು. ಕೂತವರು ಎಷ್ಟು, ಎಲ್ಲಿ. ಬೆಳಿಗ್ಗೆ ಸಂಜೆ ದಟ್ಟಣೆಯ ಹೊತ್ತಿಗೆ ಮಾತ್ರ ಎಣಿಸಿದರೆ ಕಚೇರಿಗೆ ಹೋಗುವವರಷ್ಟೇ ಸಿಗುತ್ತಾರೆ. ಆಸ್ಪತ್ರೆಗೆ ಹೋಗುವ ಹಿರಿಯರು, ಮಗುವನ್ನು ಶಾಲೆಯಿಂದ ಕರೆತರುವವರು ಹನ್ನೊಂದಕ್ಕೋ ಮೂರಕ್ಕೋ ಓಡಾಡುತ್ತಾರೆ. ರಾತ್ರಿ ಒಂಬತ್ತರ ನಂತರವೂ ಒಮ್ಮೆ ಎಣಿಸಿ, ಆಗ ಹೆಂಗಸರ ಕಾಲಮ್ಮಿನಲ್ಲಿ ಏನು ಉಳಿಯುತ್ತದೆ ನೋಡಿ. ಎಣಿಸಿದ್ದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿ. ನಕ್ಷೆ ಆಮೇಲೆ ಬರೆಯಿರಿ.

ಎಣಿಸಲು ಜನ ಸಾಲದಿದ್ದರೆ ಹೇಳಿ ಕಳಿಸಿ, ನಾನು ಬರುತ್ತೇನೆ. ಮಧ್ಯಾಹ್ನದ ಬಿಸಿಲಿನ ಪಾಳಿಯನ್ನೇ ನನಗೆ ಕೊಡಿ. ಹಾಳೆ ನಿಮ್ಮದು, ಪೆನ್ಸಿಲ್ ನಾನು ತರುತ್ತೇನೆ.

ಇತಿ,
ದಿನವೂ ರಸ್ತೆ ದಾಟುವ ಒಬ್ಬ ನಾಗರಿಕ